ಹದಿಮೂರು ವಾರಗಳ ಯೋಜನಾ ಪುಸ್ತಕ: ಹನ್ನೊಂದು ತ್ರೈಮಾಸಿಕಗಳ ಬಳಕೆಯ ನಂತರ

2023ರ ಏಪ್ರಿಲ್‌ನಿಂದ 2025ರ ಡಿಸೆಂಬರ್‌ವರೆಗೆ ಈ ಪುಸ್ತಕದ ಹನ್ನೊಂದು ಪ್ರತಿಗಳನ್ನು ಬರೆದು ತುಂಬಿಸಿದ್ದೇನೆ. ಹನ್ನೆರಡನೆಯದು ಈಗ ಮೇಜಿನ ಮೇಲಿದೆ. ಒಂದು ಪ್ರತಿಗೆ ಒಂದು ತ್ರೈಮಾಸಿಕ, ಅಂದರೆ ಹದಿಮೂರು ವಾರ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳಲ್ಲಿ ಕಾಗದದ ನುಣುಪು, ರಟ್ಟಿನ ಬಣ್ಣ ಇವುಗಳ ಮಾತೇ ಹೆಚ್ಚಾಗಿ ಕಾಣುತ್ತದೆ. ಇಂಥ ಪುಸ್ತಕ ಉಪಯೋಗಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ಎರಡು ಹಬ್ಬದ ಸುಗ್ಗಿಗಳನ್ನು ದಾಟಿದ ಮೇಲಷ್ಟೇ ತಿಳಿಯುವುದರಿಂದ, ನಾನು ಇಷ್ಟು ದಿನ ತಡೆದು ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯ ಮನೆಯಿಂದಲೇ ನಡೆಯುವ ಸಣ್ಣ ಆನ್‌ಲೈನ್ ವ್ಯಾಪಾರ. ಶೇಂಗಾ, ಗುರೆಳ್ಳು ಮತ್ತು ಅಗಸೆ ಚಟ್ನಿಪುಡಿ, ಜೊತೆಗೆ ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ. ಕೆಲಸಕ್ಕೆ ನಾನು, ನನ್ನ ಅತ್ತೆಯವರು ಮತ್ತು ಸಹಾಯಕ್ಕೆ ಬರುವ ಇಬ್ಬರು ಹೆಣ್ಣುಮಕ್ಕಳಿದ್ದೇವೆ. ಸ್ವಂತ ಜಾಲತಾಣದಲ್ಲೂ ದೊಡ್ಡ ಮಾರಾಟ ತಾಣಗಳೆರಡರಲ್ಲೂ ಸರಕು ಇಟ್ಟಿದ್ದೇವೆ. ನಮ್ಮ ಶೇಂಗಾ ಚಟ್ನಿಪುಡಿಯ ರುಚಿ ಮೂರು ತಿಂಗಳು ಚೆನ್ನಾಗಿ ನಿಲ್ಲುತ್ತದೆ, ಆಮೇಲೆ ಎಣ್ಣೆಯ ವಾಸನೆ ತಿರುಗಲು ಶುರುವಾಗುತ್ತದೆ. ಆದ್ದರಿಂದ ವರ್ಷಕ್ಕೊಂದು ಯೋಜನೆ ನಮಗೆ ತೀರಾ ಉದ್ದ, ತಿಂಗಳಿಗೊಂದು ತೀರಾ ಗಿಡ್ಡ. ಮೂರು ತಿಂಗಳ ಲೆಕ್ಕ ನಮ್ಮ ಸರಕಿನ ಆಯುಷ್ಯಕ್ಕೇ ಸರಿಯಾಗಿ ಹೊಂದುತ್ತದೆ.

ಪುಸ್ತಕದ ಕಟ್ಟು ಸರಳವಾಗಿದೆ. ಮೊದಲ ಪುಟದಲ್ಲಿ ಮೂರೇ ಮೂರು ಗುರಿಗಳಿಗೆ ಜಾಗ. ಮುಂದಿನ ಪುಟದಲ್ಲಿ ಮಾರಾಟದ ಅಂದಾಜು ಮತ್ತು ಖರ್ಚಿನ ಅಂದಾಜು. ಆಮೇಲೆ ವಾರಕ್ಕೆರಡು ಪುಟ, ಏಳನೆಯ ವಾರ ಮುಗಿದಾಗ ಒಂದು ನಡುಗಾಲದ ಪರಿಶೀಲನೆ, ಕೊನೆಯಲ್ಲಿ ನಾಲ್ಕು ಪ್ರಶ್ನೆಗಳು: ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ, ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಆರಂಭಿಸಬೇಕು. ತಾರೀಕುಗಳನ್ನು ಅಚ್ಚು ಮಾಡಿಲ್ಲ, ನಾವೇ ಬರೆದುಕೊಳ್ಳಬೇಕು. ಇದನ್ನು ಮೊದಲು ಕೊರತೆ ಎಂದುಕೊಂಡಿದ್ದೆ, ಈಗ ಪುಸ್ತಕದ ದೊಡ್ಡ ಗುಣ ಅದೇ ಎನ್ನುತ್ತೇನೆ. ಕಾರಣ ಮುಂದೆ ಬರುತ್ತದೆ.

ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದು ನಮ್ಮ ವ್ಯಾಪಾರವನ್ನು ಉಳಿಸಿತು ಎಂದರೆ ಹೆಚ್ಚಾಗದು. ಆರಂಭದಲ್ಲಿ ನಾವು ಒಗ್ಗರಣೆ ಮಂಡಕ್ಕಿಯನ್ನೂ ಆನ್‌ಲೈನ್‌ನಲ್ಲಿ ಮಾರುತ್ತಿದ್ದೆವು. ದಾವಣಗೆರೆಯವರು ತಿಂಡಿ ಮಾರಲು ಕುಳಿತು ಮಂಡಕ್ಕಿ ಇಡದಿರುವುದು ಹೇಗೆ? ಬೇಡಿಕೆಯೂ ಚೆನ್ನಾಗಿಯೇ ಇತ್ತು. ಆದರೆ ಎರಡು ತ್ರೈಮಾಸಿಕಗಳ ಖರ್ಚಿನ ಪುಟಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೊರಿಯರ್ ಹಣದ ಸಾಲೊಂದೇ ಬೇರೆಲ್ಲಕ್ಕಿಂತ ಎದ್ದು ಕಾಣುತ್ತಿತ್ತು. ಕೊರಿಯರ್‌ನವರು ಹಗುರವಾದ, ದೊಡ್ಡ ಗಾತ್ರದ ಪೆಟ್ಟಿಗೆಗೆ ನಿಜವಾದ ತೂಕ ಹಿಡಿಯುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದ ಅಂಕಿಯನ್ನು ಕಿಲೋ ಎಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ಪೆಟ್ಟಿಗೆ 30, 25, 20 ಸೆಂಟಿಮೀಟರ್‌ನದು. ಅಲ್ಲಿಗೆ ಮೂರು ಕಿಲೋದ ಬಾಡಿಗೆ. ಒಳಗಿದ್ದ ಮಂಡಕ್ಕಿಯೋ ಒಂದೂವರೆ ಕಿಲೋ ಕೂಡ ತೂಗುತ್ತಿರಲಿಲ್ಲ. ಮಳೆಗಾಲದಲ್ಲಿ ಮೆತ್ತಗಾಯಿತೆಂದು ವಾಪಸು ಬಂದವು ಬೇರೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ ‘ಯಾವುದನ್ನು ನಿಲ್ಲಿಸಬೇಕು’ ಎಂಬುದರ ಕೆಳಗೆ ‘ಮಂಡಕ್ಕಿ’ ಎಂದು ಬರೆಯುವಾಗ ನಿಜಕ್ಕೂ ಮನಸ್ಸು ಭಾರವಾಗಿತ್ತು. ಆ ಪ್ರಶ್ನೆ ಪುಟದ ಮೇಲೆ ಅಚ್ಚಾಗಿರದಿದ್ದರೆ ನಾವಾಗಿ ಅದನ್ನು ಕೇಳಿಕೊಳ್ಳುತ್ತಿರಲಿಲ್ಲ. ಈಗ ಮಂಡಕ್ಕಿಯನ್ನು ಊರೊಳಗಿನ ಗಿರಾಕಿಗಳಿಗೆ ಮಾತ್ರ ಕೊಡುತ್ತೇವೆ.

ಇನ್ನು ಪುಸ್ತಕ ನಮಗೆ ಕೈಕೊಟ್ಟ ಸಂಗತಿಗೆ ಬರುತ್ತೇನೆ. ಹೊಸ ತ್ರೈಮಾಸಿಕದ ಯೋಜನೆ ಮಾಡುವಾಗ ಹಿಂದಿನ ವರ್ಷದ ಅದೇ ತ್ರೈಮಾಸಿಕದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ವಾರಕ್ಕೆ ವಾರ ಹೋಲಿಸಿ ಬರೆಯಬೇಕೆಂದು ಮುನ್ನುಡಿಯಲ್ಲಿ ಸೂಚನೆಯಿದೆ. 2024ರ ಜುಲೈನಲ್ಲಿ ನಾನು ಅದನ್ನು ಅಕ್ಷರಶಃ ಪಾಲಿಸಿದೆ. 2023ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 18ಕ್ಕೆ ಬಂದಿತ್ತು. ಜುಲೈ 1ರಿಂದ ಎಣಿಸಿದರೆ ಅದು ಹನ್ನೆರಡನೆಯ ವಾರ. ಆದ್ದರಿಂದ ಚಕ್ಕುಲಿ, ಕೋಡುಬಳೆಗಳ ಹಬ್ಬದ ಪೊಟ್ಟಣಗಳಿಗೆ ಬೇಕಾದ ಅಚ್ಚು ಹಾಕಿದ ಚೀಲಗಳು ಹತ್ತನೆಯ ವಾರದಲ್ಲಿ ಕೈಸೇರುವಂತೆ ಮುಂಗಡ ಕೊಟ್ಟಿದ್ದೆ. 2024ರ ಚತುರ್ಥಿ ಸೆಪ್ಟೆಂಬರ್ 7ಕ್ಕೇ ಇತ್ತು. ಅದು ಹತ್ತನೆಯ ವಾರ. ಚೀಲಗಳು ಬಂದದ್ದು ಸೆಪ್ಟೆಂಬರ್ 5ರ ಸಂಜೆ. ಬೆಂಗಳೂರು, ಪುಣೆಗಳ ಗಿರಾಕಿಗಳಿಗೆ ಹಬ್ಬದೊಳಗೆ ತಲುಪಿಸುವ ದಾರಿಯೇ ಉಳಿದಿರಲಿಲ್ಲ, 46 ಆರ್ಡರ್‌ಗಳ ಹಣ ಹಿಂದಿರುಗಿಸಿದೆವು. ಅಂದು ರಾತ್ರಿ ಅತ್ತೆಯವರು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ‘ಹಬ್ಬ ನಿನ್ ಪುಸ್ತಕ ನೋಡ್ಕಂಡು ಬರ್ತೈತೇನವ್ವ? ಪಂಚಾಂಗ ನೋಡಿ ಪುಸ್ತಕ ಬರಿಬೇಕು’ ಎಂದರು.

ಅವರ ಮಾತಿನಲ್ಲಿ ಲೆಕ್ಕವೂ ಇತ್ತು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನಗಳು, ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಅಂತರವನ್ನು ಸರಿದೂಗಿಸಲು ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದಲೇ ಹಬ್ಬಗಳೆಲ್ಲ ತಡವಾಗಿದ್ದವು, ವರಮಹಾಲಕ್ಷ್ಮಿ ವ್ರತವೂ ಆಗಸ್ಟ್ 25ಕ್ಕೆ ಹೋಗಿತ್ತು. ಮುಂದಿನ ವರ್ಷ ಅದು ಆಗಸ್ಟ್ 16ಕ್ಕೆ, 2025ರಲ್ಲಿ ಆಗಸ್ಟ್ 8ಕ್ಕೆ ಹಿಂದೆ ಸರಿಯಿತು. ಗಣೇಶ ಚತುರ್ಥಿ 2025ರಲ್ಲಿ ಆಗಸ್ಟ್ 27ಕ್ಕೆ, ಅಂದರೆ ಒಂಬತ್ತನೆಯ ವಾರಕ್ಕೇ ಬಂತು. ಮೂರು ವರ್ಷ, ಮೂರು ಬೇರೆ ಬೇರೆ ವಾರ. ಹಬ್ಬದ ತಿಂಡಿ ಮಾರುವವರಿಗೆ ವಾರಕ್ಕೆ ವಾರದ ಹೋಲಿಕೆ ಇದರಿಂದ ಏನೂ ಹೇಳುವುದಿಲ್ಲ, ತಪ್ಪು ದಾರಿಗೂ ಎಳೆಯಬಹುದು.

ಆ ನಂತರ ನಾವು ಪುಸ್ತಕವನ್ನು ಬಳಸುವ ರೀತಿಯನ್ನೇ ಬದಲಿಸಿದೆವು, ತಾರೀಕಿಲ್ಲದ ಪುಟಗಳ ಬೆಲೆ ಗೊತ್ತಾದದ್ದು ಆಗಲೇ. ತ್ರೈಮಾಸಿಕ ಆರಂಭವಾಗುವ ಮೊದಲು ಅತ್ತೆಯವರು ಗೋಡೆಯ ಕ್ಯಾಲೆಂಡರ್ ನೋಡಿ ಹಬ್ಬಗಳ ದಿನ ಓದುತ್ತಾರೆ, ನಾನು ಆ ವಾರದ ಪುಟದ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಸೊನ್ನೆ ಬರೆಯುತ್ತೇನೆ. ಅಲ್ಲಿಂದ ಹಿಂದಕ್ಕೆ ಒಂದು, ಎರಡು, ಮೂರು ಎಂದು ಆರರವರೆಗೆ ಎಣಿಸುತ್ತೇವೆ. ಆರನೆಯ ವಾರದಲ್ಲಿ ಚೀಲ ಮತ್ತು ಲೇಬಲ್‌ಗಳಿಗೆ ಹೇಳುವುದು, ನಾಲ್ಕರಲ್ಲಿ ಅಕ್ಕಿ ಹಿಟ್ಟು, ಎಣ್ಣೆ, ಶೇಂಗಾ ತರಿಸುವುದು, ಮೂರರಲ್ಲಿ ಕರಿಯುವುದು, ಎರಡರಲ್ಲಿ ಹೊರ ರಾಜ್ಯಗಳಿಗೆ ರವಾನೆ, ಒಂದರಲ್ಲಿ ದಾವಣಗೆರೆ, ಹರಿಹರ, ಚಿತ್ರದುರ್ಗದ ಆರ್ಡರ್ ಮಾತ್ರ. ಹಬ್ಬದ ಹಿಂದಿನ ಎಣಿಕೆ ಮುಂದಿನ ತ್ರೈಮಾಸಿಕದಿಂದ ಈ ತ್ರೈಮಾಸಿಕದೊಳಕ್ಕೆ ಚಾಚುವುದೂ ಉಂಟು. ಆಗ ಎರಡು ಪುಸ್ತಕಗಳನ್ನು ಒಂದು ತಿಂಗಳು ಒಟ್ಟಿಗೆ ತೆರೆದಿಡಬೇಕಾಗುತ್ತದೆ. ಮುಂದಿನ ತ್ರೈಮಾಸಿಕಕ್ಕೆಂದು ಕೊನೆಯಲ್ಲಿ ನಾಲ್ಕು ಖಾಲಿ ಪುಟ ಸೇರಿಸಿದ್ದರೆ ಈ ತೊಂದರೆ ತಪ್ಪುತ್ತಿತ್ತು.

ಪಂಚಾಂಗದ ಪಕ್ಕದಲ್ಲಿ ಬೆಳೆಯ ಕಾಲವನ್ನೂ ಸೇರಿಸಿದ್ದೇವೆ. ಚಳ್ಳಕೆರೆ ಕಡೆಯ ಮುಂಗಾರಿನ ಶೇಂಗಾ ಕಿತ್ತು ಮಾರುಕಟ್ಟೆಗೆ ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಬರುವುದು ಜನವರಿಯ ನಂತರ. ಮೊದಲ ವರ್ಷ ತಿಂಗಳು ತಿಂಗಳು ಅಂಗಡಿಯಿಂದ ಮೆಣಸಿನಕಾಯಿ ತಂದು, ಆಷಾಢದ ಹೊತ್ತಿಗೆ ಬಣ್ಣವೇ ಇಲ್ಲದ ಹಳೆಯ ಸರಕಿಗೆ ಹೆಚ್ಚು ಹಣ ಕೊಟ್ಟಿದ್ದೆವು. ಈಗ ಜನವರಿ–ಮಾರ್ಚ್ ಪುಸ್ತಕದ ಮೂರು ಗುರಿಗಳಲ್ಲಿ ಒಂದು ಯಾವಾಗಲೂ ವರ್ಷದ ಮೆಣಸಿನಕಾಯಿ ಖರೀದಿಯದೇ. ಆ ತ್ರೈಮಾಸಿಕದಲ್ಲಿ ಕೈಯಲ್ಲಿರುವ ಹಣ ಕರಗುತ್ತದೆ, ಲಾಭದ ಸಾಲು ಕೆಳಗಿಳಿಯುತ್ತದೆ. ಅದನ್ನು ನಷ್ಟವೆಂದು ತಿಳಿಯದಿರಲು ನಗದಿನ ಹರಿವಿಗೆ ಪ್ರತ್ಯೇಕ ಪುಟ ಬೇಕು. ಈ ಪುಸ್ತಕದಲ್ಲಿ ಅದಿಲ್ಲ, ಇದು ಸಣ್ಣ ಲೋಪವಲ್ಲ. ಮಾರಾಟ ತಾಣಗಳಿಂದ ಹಣ ಬರುವುದು ಸರಕು ಹೋದ ದಿನವಲ್ಲ. ಮಾರಾಟದ ಅಂದಾಜು ತುಂಬಿದ್ದರೂ ಕೈ ಖಾಲಿಯಿರುವ ವಾರಗಳನ್ನು ಪ್ರತಿಯೊಬ್ಬ ಸಣ್ಣ ವ್ಯಾಪಾರಿಯೂ ಕಂಡಿರುತ್ತಾನೆ.

ತೆರಿಗೆಯ ದಿನಗಳಿಗೂ ಜಾಗವಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗಿನ ವ್ಯಾಪಾರಿಗಳು ಜಿಎಸ್‌ಟಿ ವಿವರವನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಿ, ತೆರಿಗೆಯನ್ನು ತಿಂಗಳಿಗೊಮ್ಮೆ ಕಟ್ಟುವ ಪದ್ಧತಿ 2021ರ ಜನವರಿಯಿಂದ ಜಾರಿಯಲ್ಲಿದೆ, ನಾವೂ ಅದರಲ್ಲಿದ್ದೇವೆ. ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಕಟ್ಟಬೇಕು. ತ್ರೈಮಾಸಿಕ ಮುಗಿದ ಮೇಲೆ ಮಾರಾಟದ ವಿವರ 13ರೊಳಗೆ, ಒಟ್ಟು ವಿವರ ನಮ್ಮ ಕರ್ನಾಟಕದವರಿಗೆ 22ರೊಳಗೆ ಹೋಗಬೇಕು. ಈ ದಿನಗಳನ್ನು ಒಳರಟ್ಟಿನ ಮೇಲೆ ಒಮ್ಮೆ ಬರೆದುಕೊಂಡರೆ ಸಾಕಾಗುತ್ತದೆ.

2025ರ ಸೆಪ್ಟೆಂಬರ್ ಮಾತ್ರ ಪುಸ್ತಕದ ನಿಜವಾದ ಪರೀಕ್ಷೆಯಾಗಿತ್ತು. ಪೊಟ್ಟಣ ಕಟ್ಟಿದ ಕುರುಕಲು ತಿಂಡಿಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯುವುದೆಂದು ಸೆಪ್ಟೆಂಬರ್ 3ರಂದು ತೀರ್ಮಾನವಾಯಿತು, ಜಾರಿಯಾಗುವ ದಿನ ಸೆಪ್ಟೆಂಬರ್ 22. ನವರಾತ್ರಿ ಆರಂಭವಾಗುವುದೂ ಅದೇ ದಿನ. ನಮ್ಮ ಎಣಿಕೆಯಂತೆ ಮೂರನೆಯ ವಾರದ ಕರಿಯುವ ಕೆಲಸ ನಡೆದೇ ಇತ್ತು; ಹಳೆಯ ಬೆಲೆಯ ಲೇಬಲ್ ಹಚ್ಚಿದ 340 ಪೊಟ್ಟಣಗಳು ಕಪಾಟಿನಲ್ಲಿದ್ದವು; ಬೆಲೆ ಇಳಿಯಲೆಂದು ಗಿರಾಕಿಗಳು ಆರ್ಡರ್ ತಡೆದರು. ನಡುಗಾಲದ ಪರಿಶೀಲನೆಯ ಪುಟ ಆಗಸ್ಟ್‌ನಲ್ಲೇ ತುಂಬಿಹೋಗಿತ್ತು. ಅದರ ಮೇಲೆ ಬಿಳಿ ಹಾಳೆ ಅಂಟಿಸಿ, ಉಳಿದ ಹತ್ತೊಂಬತ್ತು ದಿನಗಳಿಗೆ ಹೊಸದಾಗಿ ಬರೆದೆವು: ನಿಪ್ಪಟ್ಟು, ಕೋಡುಬಳೆ ಕರಿಯುವುದನ್ನು ಒಂದು ವಾರ ನಿಲ್ಲಿಸಿ ಚಟ್ನಿಪುಡಿಗೆ ಕೈಹಾಕುವುದು, ಹಳೆಯ ಸರಕನ್ನು ಊರಿನಲ್ಲೇ ರಿಯಾಯಿತಿಯಲ್ಲಿ ಮುಗಿಸುವುದು, 22ರ ಬೆಳಗಿನ ಜಾವ ಜಾಲತಾಣದ ಬೆಲೆ ಬದಲಿಸುವುದು. ಕೆಲಸ ಅಸ್ತವ್ಯಸ್ತವಾಗಲಿಲ್ಲ. ಮೊದಲಿನಿಂದ ಬರೆದ ಯೋಜನೆ ಕಣ್ಣೆದುರಿಗೆ ಇದ್ದುದರಿಂದ ಯಾವುದನ್ನು ಮುಂದೂಡಬಹುದು, ಯಾವುದನ್ನು ಮುಟ್ಟಬಾರದು ಎಂದು ಒಂದೇ ಗಂಟೆಯಲ್ಲಿ ನಿರ್ಧರಿಸಲು ಸಾಧ್ಯವಾಯಿತು.

ಅದೇ ತ್ರೈಮಾಸಿಕದ ಕೊನೆಯಲ್ಲಿ ಮಾರಾಟ ಹಿಂದಿನ ವರ್ಷಕ್ಕಿಂತ ಬಹಳ ಹೆಚ್ಚಿತ್ತು. ಹಿಗ್ಗುವ ಮೊದಲು ಕ್ಯಾಲೆಂಡರ್ ನೋಡಿದೆವು. 2024ರಲ್ಲಿ ನವರಾತ್ರಿ ಅಕ್ಟೋಬರ್ 3ಕ್ಕೆ ಶುರುವಾಗಿತ್ತು. 2025ರಲ್ಲಿ ವಿಜಯದಶಮಿಯೇ ಅಕ್ಟೋಬರ್ 2ಕ್ಕೆ ಬಂತು. ದಸರಾದ ಮಾರಾಟ ಒಂದು ತ್ರೈಮಾಸಿಕದಿಂದ ಇನ್ನೊಂದಕ್ಕೆ ಸರಿದಿತ್ತು, ಅಷ್ಟೇ. ಅಕ್ಟೋಬರ್–ಡಿಸೆಂಬರ್‌ನ ಇಳಿತಕ್ಕೂ ಅದೇ ಕಾರಣ. ಪುಸ್ತಕದ ಕೊನೆಯಲ್ಲಿರುವ ಹೋಲಿಕೆಯ ಕೋಷ್ಟಕವನ್ನು ನಾವೀಗ ಖಾಲಿ ಬಿಡುತ್ತೇವೆ. ಅದರ ಬದಲು ಹಬ್ಬಕ್ಕೆ ಹಬ್ಬ ಹೋಲಿಸುವ ಸಾಲುಗಳನ್ನು ಗೂಗಲ್ ಶೀಟ್ಸ್‌ನಲ್ಲಿ ಇಟ್ಟಿದ್ದೇವೆ.

ಪುಸ್ತಕದ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಐದು ಪ್ರತಿಗಳಿಗೆ ದಾರದ ಹೊಲಿಗೆಯಿತ್ತು. ಆರನೆಯದರಿಂದ ಅಂಟಿಗೆ ಇಳಿದಿದ್ದಾರೆ. ಎಂಟನೆಯ ವಾರದ ಹೊತ್ತಿಗೆ ಹಾಳೆಗಳು ಬಿಡುತ್ತವೆ. ಎಣ್ಣೆ ಕೈ ತಾಗುವ ಅಡುಗೆಮನೆಯ ವ್ಯಾಪಾರಕ್ಕೆ ರಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ನನ್ನ ದೊಡ್ಡ ಕೊರಗು ಭಾಷೆಯದು. ಶೀರ್ಷಿಕೆಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಯೋಜನೆಯ ಅರ್ಧ ತಿಳಿವಳಿಕೆ ಇರುವುದು ಅತ್ತೆಯವರಲ್ಲಿ. ಯಾವ ವಾರ ಸಾಸಿವೆ ಕಾಳಿನಷ್ಟೂ ಕೆಲಸ ಸಾಗದು, ದುಗ್ಗಮ್ಮನ ಜಾತ್ರೆಯ ವರ್ಷ ಸಹಾಯಕಿಯರು ಎಷ್ಟು ದಿನ ಬರುವುದಿಲ್ಲ ಎಂಬುದೆಲ್ಲ ಅವರ ಬಾಯಲ್ಲಿದೆ. ಅವರು ಓದಲಾಗದ ಪುಟದಲ್ಲಿ ಅವರ ಕೆಲಸ ಬರೆದಿಡುವುದು ಸರಿಯಲ್ಲವೆಂದು ಪ್ರತಿ ಬಾರಿಯೂ ಶೀರ್ಷಿಕೆಗಳ ಮೇಲೆ ಕನ್ನಡದ ಚೀಟಿ ಅಂಟಿಸುತ್ತೇನೆ. ಪ್ರಕಾಶಕರಿಗೆ ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ. ಕನ್ನಡದ ಆವೃತ್ತಿ ತಂದರೆ ಐದಕ್ಕೆ ಐದು ಅಂಕ ಕೊಡುತ್ತೇನೆ, ಈಗ ಕೊಡುತ್ತಿರುವುದು ನಾಲ್ಕು.

2026ರ ಪುಟಗಳಿಗೆ ಸೀಸದಕಡ್ಡಿಯಲ್ಲಿ ಗುರುತು ಹಾಕಿಯಾಗಿದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಆ ತಿಂಗಳು ಮದುವೆಗಳಿರುವುದಿಲ್ಲವಾದ್ದರಿಂದ ತಾಂಬೂಲದ ಜೊತೆ ಕೊಡುವ ಪೊಟ್ಟಣಗಳ ಅಂದಾಜನ್ನು ಏಪ್ರಿಲ್–ಜೂನ್‌ನಲ್ಲಿ ಅರ್ಧಕ್ಕಿಳಿಸಿದ್ದೇವೆ. ಗಣೇಶ ಚತುರ್ಥಿ ಸೆಪ್ಟೆಂಬರ್ 14ಕ್ಕೆ, ಹನ್ನೊಂದನೆಯ ವಾರ. ಅದರ ಹಿಂದಿನ ಆರನೆಯ ವಾರ ಆಗಸ್ಟ್ ಮೊದಲಿಗೇ ಬೀಳುತ್ತದೆ. ಚೀಲ ಅಚ್ಚು ಹಾಕುವವರಿಗೆ ಈಗಲೇ ಹೇಳಿಟ್ಟಿದ್ದೇನೆ.