ಮೆಟ್ಟಿಲ ಕೆಳಗೆ ಒಂದೇ ಸೈಕಲ್: ನಾಲ್ಕನ್ನು ತುಳಿದು ನೋಡಿದೆ

ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದೇ ಸೈಕಲ್ ಹಿಡಿಸುತ್ತದೆ. ಎರಡನೆಯದು ಬಂದರೆ ಗ್ಯಾಸ್ ಸಿಲಿಂಡರ್ ಹೊರಗೆ ಹೋಗಬೇಕು. ಆ ಮಾತನ್ನು ಮನೆಯಲ್ಲಿ ಒಮ್ಮೆ ಎತ್ತಿ ನೋಡಿದೆ. ಮತ್ತೆ ಎತ್ತಲಿಲ್ಲ.

ಆದರೆ ಆ ಒಂದು ಸೈಕಲ್‌ಗೆ ನಾನು ಹೇಳುವ ಕೆಲಸ ನಾಲ್ಕು. ವಾರದ ದಿನ ಮೈಸೂರಿನೊಳಗೆ ಆಫೀಸು, ಬರುವಾಗ ದೇವರಾಜ ಮಾರುಕಟ್ಟೆಯಿಂದ ತರಕಾರಿ. ಭಾನುವಾರ ಚಾಮುಂಡಿ ಬೆಟ್ಟ. ಮನಸ್ಸಾದಾಗ ವರುಣಾ ನಾಲೆಯ ಏರಿಯ ಮೇಲೆ ಮಣ್ಣು ದಾರಿ. ವರ್ಷಕ್ಕೆ ಒಂದೆರಡು ಸಲ 200 ಕಿ.ಮೀ. ಬ್ರೆವೆ. ಬ್ರೆವೆ ಅಂದರೆ ಗಡುವು ಇಟ್ಟ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಆಯಿತು, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಲೆಕ್ಕ. ತಿಂಡಿ, ಟೀ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಿದ್ದರೆ ಸಾಕು.

ನನ್ನ ಹತ್ತಿರ ಇರುವುದು ಐದು ವರ್ಷ ಹಳೆಯ ಹೈಬ್ರಿಡ್, ಅಂದರೆ ಡಾಂಬರಿಗೂ ಮಣ್ಣಿಗೂ ನಡುವಿನ ಜಾತಿಯ ಸೈಕಲ್. ನೇರ ಹ್ಯಾಂಡಲ್, 35 ಮಿ.ಮೀ. ಟಯರು, ಮುಂದೆ ಸಸ್ಪೆನ್ಶನ್ ಇಲ್ಲ, ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ಸಾಮಾನ್ಯ ವಿ-ಬ್ರೇಕು. ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡ್ ಎಲ್ಲ ಸೇರಿ ಹದಿಮೂರೂವರೆ ಕಿಲೋ. ಇದನ್ನು ಮಾರಿ ಬೇರೆ ತರಬೇಕಾ ಅನ್ನುವ ಹುಳ ತಲೆಗೆ ಹೊಕ್ಕಿತು. ಗೆಳೆಯರಿಂದ ಒಂದು ರೋಡ್ ಬೈಕ್ (ಡಾಂಬರಿಗೆಂದೇ ಮಾಡಿದ ತೆಳ್ಳಗಿನ ಟಯರಿನ ಸೈಕಲ್), ಒಂದು ಗ್ರಾವೆಲ್ ಬೈಕ್ (ಜಲ್ಲಿ, ಮಣ್ಣು ದಾರಿಗೂ ಆಗುವ ಸೈಕಲ್), ಅಣ್ಣನ ಮಗನಿಂದ ಒಂದು ಎಂಟಿಬಿ (ಮೌಂಟನ್ ಬೈಕ್, ಬೆಟ್ಟ ಗುಡ್ಡದ ಸೈಕಲ್) ಕಡ ತಂದೆ. ಒಂದೊಂದನ್ನೂ ಮೂರು ವಾರ ಇಟ್ಟುಕೊಂಡು ಇದೇ ಕೆಲಸ ಮಾಡಿಸಿದೆ.

ಎಂಟಿಬಿ ಕಥೆ ಬೇಗ ಮುಗಿಯುತ್ತದೆ. ನಾಲೆ ಏರಿಯ ಮೇಲೆ ರಾಜ. ಡಾಂಬರಿನ ಮೇಲೆ ಕೋಣ. ಹದಿನೈದು ಕಿಲೋ ತೂಕ, ಗಂಟು ಗಂಟಿನ ದಪ್ಪ ಟಯರು, ಪ್ರತಿ ತುಳಿತಕ್ಕೂ ಮುಂದಿನ ಸ್ಪ್ರಿಂಗು ಕೂತು ಏಳುತ್ತದೆ. ನಾವು ತುಳಿದ ಶಕ್ತಿಯಲ್ಲಿ ಒಂದಷ್ಟು ಆ ಕೂತು ಏಳುವುದಕ್ಕೇ ಹೋಗುತ್ತದೆ. ಅದರಲ್ಲಿ 200 ಕಿ.ಮೀ. ಹೋಗುವ ಧೈರ್ಯ ಮಾಡಲಿಲ್ಲ. ಹುಡುಗನಿಗೆ ವಾಪಸ್ ಕೊಟ್ಟಾಗ ಅವನಿಗೂ ಖುಷಿ, ನನಗೂ ಖುಷಿ.

ರೋಡ್ ಬೈಕ್ ಬೇರೆಯೇ ಲೋಕ. ಒಂಬತ್ತೂವರೆ ಕಿಲೋ, 28ರ ಟಯರು. ಮೊದಲ ದಿನ ರಿಂಗ್ ರೋಡ್‌ನಲ್ಲಿ ತುಳಿದಾಗ ಇಷ್ಟು ವರ್ಷ ನಾನು ಏನು ಮಾಡುತ್ತಿದ್ದೆ ಅನ್ನಿಸಿತು. ಚಾಮುಂಡಿ ಬೆಟ್ಟದ ಏರನ್ನು 22 ನಿಮಿಷದಲ್ಲಿ ಹತ್ತಿದೆ. ನನ್ನ ಹೈಬ್ರಿಡ್‌ನಲ್ಲಿ 25 ಆಗುತ್ತದೆ. ಈ ಮೂರು ನಿಮಿಷ ಎಲ್ಲಿಂದ ಬಂತು? ನಾನು 74 ಕಿಲೋ. ಸೈಕಲ್ ಸೇರಿದರೆ ಒಟ್ಟು ಹತ್ತಿರ ಹತ್ತಿರ 88 ಕಿಲೋ. ಅದರಲ್ಲಿ ನಾಲ್ಕು ಕಿಲೋ ಕಮ್ಮಿಯಾದರೆ ನೂರಕ್ಕೆ ನಾಲ್ಕೂವರೆ ಪಾಲು, ಅಂದರೆ ಬರೀ ಒಂದು ನಿಮಿಷ. ಉಳಿದದ್ದು ಟಯರು, ಕೂರುವ ಭಂಗಿ, ಇನ್ನೊಂದಷ್ಟು ಹುಮ್ಮಸ್ಸು. ಬೇರೆಯವರ ದುಬಾರಿ ಸೈಕಲ್ ಹತ್ತಿದರೆ ಕಾಲಿಗೆ ತಾನಾಗಿ ಬಲ ಬರುತ್ತದೆ, ಅಲ್ವಾ?

ಆದರೆ ಆ ಸೈಕಲ್‌ನ ಅತಿ ಹಗುರ ಗೇರು ಮುಂದೆ 34 ಹಲ್ಲು, ಹಿಂದೆ 28. ಪೆಡಲ್ ಒಂದು ಸುತ್ತು ಬಂದರೆ ಚಕ್ರ 1.2 ಸುತ್ತು. ನನ್ನ ಹೈಬ್ರಿಡ್‌ನಲ್ಲಿ ಮುಂದೆ 28, ಹಿಂದೆ 32. ಅಂದರೆ ಚಕ್ರ ಒಂದು ಸುತ್ತಿಗಿಂತ ಕಮ್ಮಿಯೇ ತಿರುಗುತ್ತದೆ. ಚಾಮುಂಡಿಯಲ್ಲಿ ಈ ಅಂತರ ಅಷ್ಟು ಗೊತ್ತಾಗುವುದಿಲ್ಲ. ನಂದಿ ಬೆಟ್ಟದ ಮೇಲಿನ ತಿರುವುಗಳಲ್ಲಿ ಮೊಣಕಾಲು ಹೇಳುತ್ತದೆ. ವಯಸ್ಸು 45 ದಾಟಿದ ಮೇಲೆ ನಾನು ಸೈಕಲ್‌ನಲ್ಲಿ ಮೊದಲು ನೋಡುವುದು ಹಿಂದಿನ ದೊಡ್ಡ ಹಲ್ಲುಗಾಲಿಗೆ ಹಲ್ಲು ಎಷ್ಟು ಅಂತ. ಬಣ್ಣ ಆಮೇಲೆ.

ರೋಡ್ ಬೈಕಿಗೆ ನಿಜವಾದ ಪೆಟ್ಟು ಬಿದ್ದದ್ದು ಶ್ರೀರಂಗಪಟ್ಟಣದ ದಾರಿಯಲ್ಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಮೋಟಾರ್ ಬೈಕು, ಆಟೋ, ಸೈಕಲ್ ಯಾವುದಕ್ಕೂ ಪ್ರವೇಶ ಇಲ್ಲ. ನಮ್ಮದೆಲ್ಲ ಸರ್ವಿಸ್ ರಸ್ತೆ. ಅಲ್ಲಿ ಹಂಪು, ಒಡೆದ ಡಾಂಬರು, ಚರಂಡಿ ಮುಚ್ಚಳದ ಸಂದು. ತೆಳ್ಳಗಿನ ಟಯರಿಗೆ 80 ಪಿಎಸ್ಐ ಗಾಳಿ ಹೊಡೆದಿದ್ದೆ. ಪ್ರತಿ ಗುಂಡಿಯೂ ನೇರವಾಗಿ ಹಲ್ಲಿಗೆ ಬಂತು. ಒಳ ಹಳ್ಳಿಗಳ ದಾರಿ ಹಿಡಿದರೆ ಇನ್ನೊಂದು ಕಾಟ. ಸುಗ್ಗಿ ಕಾಲ, ರಸ್ತೆಗೆ ಅಡ್ಡಲಾಗಿ ಹುರುಳಿ ಹಾಸಿದ್ದರು. ಲಾರಿ ಹೋದರೆ ಒಕ್ಕಣೆ ಆಗುತ್ತದೆ. ಸೈಕಲ್ ಹೋದರೆ ಕಡ್ಡಿ, ಬಳ್ಳಿ ಎಲ್ಲ ಹಿಂದಿನ ಗೇರಿಗೆ ಸುತ್ತಿಕೊಳ್ಳುತ್ತದೆ. ಇಳಿದು, ಬಗ್ಗಿ, ಬೆರಳಲ್ಲಿ ಎಳೆಎಳೆಯಾಗಿ ಬಿಡಿಸಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನೋಡಿ ನಕ್ಕರು.

ಅದೇ ದಿನ ಜಾಲಿ ಮುಳ್ಳಿನಿಂದ ಎರಡು ಪಂಕ್ಚರ್. ಎರಡನೆಯದಕ್ಕೆ ಹಳ್ಳಿಯ ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಪ್ಯಾಚ್ ಅಚ್ಚುಕಟ್ಟಾಗಿ ಹಾಕಿದರು. ಗಾಳಿ ಹೊಡೆಯಲು ಹೋದರೆ ಟ್ಯೂಬಿನ ವಾಲ್ವು ಪ್ರೆಸ್ಟಾ. ಸಣ್ಣ ಮೂತಿ. ಅವರ ಪಂಪು ಅದಕ್ಕೆ ಕೂರುವುದೇ ಇಲ್ಲ. ನನ್ನ ಹೈಬ್ರಿಡ್‌ನಲ್ಲಿರುವುದು ಶ್ರೇಡರ್ ವಾಲ್ವು, ಮೋಟಾರ್ ಬೈಕಿನದೇ ಜಾತಿ. ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಪ್ರೆಸ್ಟಾಗೆ ಬೆರಳುಗುರಿನಷ್ಟು ಚಿಕ್ಕ ಹಿತ್ತಾಳೆ ಅಡಾಪ್ಟರ್ ಬರುತ್ತದೆ. ಅದೊಂದು ಜೇಬಿನಲ್ಲಿದ್ದರೆ ಮುಗಿಯಿತು. ನನ್ನ ಜೇಬಿನಲ್ಲಿ ಇರಲಿಲ್ಲ.

ಇನ್ನು ಗ್ರಾವೆಲ್ ಬೈಕ್. ನಮ್ಮ ಬಾಯಲ್ಲಿ ಜಲ್ಲಿ ಸೈಕಲ್. ಮೂರು ವಾರದಲ್ಲಿ ಇದರ ಮೇಲೆ ನಿಜವಾಗಿ ಆಸೆಯಾಯಿತು. ಕೊಂಬಿನಂತೆ ಬಾಗಿದ ಹ್ಯಾಂಡಲ್, 40ರ ಟಯರು, ಹೈಡ್ರಾಲಿಕ್ ಡಿಸ್ಕ್ ಬ್ರೇಕು, ಹನ್ನೊಂದು ಕಿಲೋ. ಮುಂದೆ ಒಂದೇ ಹಲ್ಲುಗಾಲಿ, 40. ಹಿಂದೆ 11ರಿಂದ 42. ಬೆಟ್ಟ ಹತ್ತಲು 23 ನಿಮಿಷ ಚಿಲ್ಲರೆ. ಇಳಿಯುವಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ನನ್ನ ವಿ-ಬ್ರೇಕು ಒದ್ದೆ ರಿಮ್ಮಿನ ಮೇಲೆ ಒಂದೆರಡು ಸುತ್ತು ಜಾರಿ ಆಮೇಲೆ ಹಿಡಿಯುತ್ತದೆ. ಇದು ಎರಡು ಬೆರಳಿಗೆ ನಿಂತಿತು. ನಂದಿಯ ವಿಗ್ರಹದ ತಿರುವಿನ ಹತ್ತಿರ ಜನ ಅಡ್ಡ ಬರುವ ಜಾಗದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ವರುಣಾ ನಾಲೆಯ ಏರಿಯ ಮೇಲೂ ಇದೇ ಗೆದ್ದಿತು. 40 ಪಿಎಸ್ಐಗೆ ಗಾಳಿ ಇಳಿಸಿದರೆ ಕೆಮ್ಮಣ್ಣು, ಸಣ್ಣ ಕಲ್ಲು ಎಲ್ಲ ಕಂಬಳಿಯ ಮೇಲೆ ಹೋದ ಹಾಗೆ. ಎಂಟಿಬಿಯಷ್ಟು ಮೆತ್ತಗಲ್ಲ ನಿಜ, ಆದರೆ ಏರಿ ಮುಗಿದು ಡಾಂಬರು ಬಂದಾಗ ಬೇಜಾರಾಗುವುದಿಲ್ಲ.

ಇಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಪಂಕ್ಚರ್ ಆಗಿ ಮುಂದಿನ ಚಕ್ರ ಬಿಚ್ಚಿದ್ದೆ. ಚಕ್ರ ಇಲ್ಲದಾಗ ಬ್ರೇಕ್ ಒತ್ತಬೇಡ ಅಂತ ಗೆಳೆಯ ಮೊದಲೇ ಹೇಳಿದ್ದ. ಸೈಕಲ್ ತಿರುಗಿಸಿ ಇಡುವಾಗ ಕೈ ತಾಗಿ ಒತ್ತಿದೆ. ಪ್ಯಾಡುಗಳು ಒಂದಕ್ಕೊಂದು ಅಂಟಿ ಕೂತವು, ಡಿಸ್ಕ್ ಒಳಗೆ ಹೋಗಲು ಸಂದೇ ಇಲ್ಲ. ಟಯರ್ ತೆಗೆಯುವ ಪ್ಲಾಸ್ಟಿಕ್ ಪಟ್ಟಿಯಿಂದ ಅರ್ಧ ಗಂಟೆ ಮೀಟಿ ಬಿಡಿಸಿದೆ. ನನ್ನ ಸೈಕಲ್ ಆಗಿದ್ದರೆ ಐದು ನಿಮಿಷದ ಕೆಲಸ.

ಈ ಗೆಳೆಯನ ಹತ್ತಿರ ಇನ್ನೊಂದು ಜೊತೆ ಚಕ್ರವೂ ಇದೆ, ತೆಳ್ಳಗಿನ ಟಯರಿನದು. ಒಂದು ಫ್ರೇಮ್, ಎರಡು ಜೊತೆ ಚಕ್ರ, ಎರಡು ಸೈಕಲ್ ಇದ್ದ ಹಾಗೆ ಅಂತ ಅವನ ವಾದ. ಕೇಳಲು ಚೆನ್ನಾಗಿದೆ. ಎರಡೂ ಜೊತೆಯ ಡಿಸ್ಕು ಕೂದಲೆಳೆಯಷ್ಟು ಆಚೀಚೆ ಇದ್ದರೂ ಪ್ಯಾಡು ಉಜ್ಜಿ ಕಿರ್ ಅನ್ನುತ್ತದೆ. ಬ್ರೇಕು ಸರಿ ಮಾಡು, ಗೇರು ಸರಿ ಮಾಡು. ಮೊದಲ ವಾರ ಎರಡು ಸಲ ಬದಲಿಸಿದೆ. ಆಮೇಲೆ ಸುಮ್ನೆ ದಪ್ಪ ಟಯರಿನಲ್ಲೇ ಎಲ್ಲ ಕಡೆ ಹೋದೆ. ಗೆಳೆಯನನ್ನು ಕೇಳಿದರೆ ಅವನೂ ಆರು ತಿಂಗಳಿಂದ ಬದಲಿಸಿಲ್ಲವಂತೆ.

ಬ್ರೆವೆಯಲ್ಲಿ ಗ್ರಾವೆಲ್‌ಗೆ 11 ಗಂಟೆ 15 ನಿಮಿಷ ಆಯಿತು. ಹೈಬ್ರಿಡ್‌ನಲ್ಲಿ ಹಿಂದಿನ ಸಲ 12 ಗಂಟೆ 10 ನಿಮಿಷ ಆಗಿತ್ತು. ಗಾಳಿ ಬೇರೆ, ದಿನ ಬೇರೆ, ಹಾಗಾಗಿ ಗಡಿಯಾರವನ್ನು ಜಾಸ್ತಿ ನಂಬಬೇಡಿ. ಕೈಯನ್ನು ನಂಬಿ. ನೇರ ಹ್ಯಾಂಡಲ್‌ನಲ್ಲಿ ಅಂಗೈ ಇಡಲು ಇರುವುದು ಒಂದೇ ಜಾಗ. ನೂರು ಕಿ.ಮೀ. ದಾಟಿದ ಮೇಲೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಮರುದಿನ ಅಂಗಿಯ ಗುಂಡಿ ಹಾಕಲು ಒದ್ದಾಡಿದ್ದೇನೆ. ಬಾಗಿದ ಹ್ಯಾಂಡಲ್‌ನಲ್ಲಿ ಕೈ ಇಡಲು ಮೂರು ಜಾಗ ಇದೆ. ಗುಂಡ್ಲುಪೇಟೆ ಕಡೆಯ ಎದುರುಗಾಳಿಗೆ ಬಗ್ಗಿ ಕೂರಲೂ ಆಗುತ್ತದೆ.

ಹಾಗಾದರೆ ಗ್ರಾವೆಲ್ ತಾನೇ? ಮಾರುಕಟ್ಟೆ ಒಂದು ಇಲ್ಲದಿದ್ದರೆ ಹೌದು ಅನ್ನುತ್ತಿದ್ದೆ. ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ ಅದಕ್ಕೆ ಬೀಗ ಹಾಕಿ ಒಳಗೆ ಹೋದೆ. ವಿಳ್ಯದೆಲೆ ಕೊಳ್ಳುವಾಗ ಒಮ್ಮೆ, ಬಾಳೆಹಣ್ಣು ಕೊಳ್ಳುವಾಗ ಒಮ್ಮೆ ಹೊರಗೆ ಬಂದು ನೋಡಿದೆ. ಚೌಕಾಸಿ ಮಾಡಲೂ ಮನಸ್ಸು ನಿಲ್ಲಲಿಲ್ಲ. ನನ್ನ ಹೈಬ್ರಿಡ್ ಅಲ್ಲೇ ಅರ್ಧ ದಿನ ನಿಂತದ್ದಿದೆ, ಯಾರೂ ತಿರುಗಿ ನೋಡಿಲ್ಲ. ಕ್ಯಾರಿಯರ್‌ಗೆ ಎಂಟು ಕಿಲೋ ತರಕಾರಿ ಕಟ್ಟಿ, ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ಕಾಫಿ ಕುಡಿಯಬಹುದು. ನನ್ನ ಸವಾರಿ ವಾರಕ್ಕೆ ಐದು ದಿನ ಇಂಥದ್ದು. ಬ್ರೆವೆ ವರ್ಷಕ್ಕೆ ಎರಡು ದಿನ.

ಇದೆಲ್ಲ ಅಳೆಯುವಾಗ ಅಪ್ಪನ ಹಳೆಯ ಕರಿ ಸೈಕಲ್ ನೆನಪಾಯಿತು. ಅದರ ಟಯರಿನ ಮೇಲೆ 28×1½ ಅಂತ ಇರುತ್ತಿತ್ತು. ಇಂದಿನ ಅಳತೆಯಲ್ಲಿ ಅದು 40 ಮಿ.ಮೀ. ಅಗಲ! ಗ್ರಾವೆಲ್ ಬೈಕಿನದೇ ಅಗಲ. ರಿಮ್ಮಿನ ಅಳತೆ ಮಾತ್ರ ಬೇರೆ, ಅದು 635, ಈಗಿನದು 622. ಒಂದರ ಟಯರು ಇನ್ನೊಂದಕ್ಕೆ ಕೂರದು. ಅಪ್ಪ ಅದರಲ್ಲೇ ಹಾಲಿನ ಕ್ಯಾನು, ಭತ್ತದ ಮೂಟೆ, ಮುಂದಿನ ಕಂಬಿಯ ಮೇಲೆ ನನ್ನನ್ನು, ಎಲ್ಲ ಸಾಗಿಸಿದರು. ಗೇರು ಒಂದೇ. ಏರು ಬಂದರೆ ಇಳಿದು ತಳ್ಳುವುದು.

ನನ್ನ ಹೈಬ್ರಿಡ್‌ಗೂ 40ರ ಟಯರು ಹಾಕಿಸಿದೆ. ಮಡ್‌ಗಾರ್ಡ್ ಕಡ್ಡಿ ಸ್ವಲ್ಪ ಎತ್ತರಿಸಬೇಕಾಯಿತು, ಅಷ್ಟೇ. ನಾಲೆ ಏರಿಯ ಮೇಲೆ ಈಗ ಗ್ರಾವೆಲ್‌ಗೆ ಹತ್ತಿರ ಹತ್ತಿರ ಬರುತ್ತದೆ. ಮಾರುವ ಯೋಚನೆ ಬಿಟ್ಟೆ.

ಉಳಿದದ್ದು ಹ್ಯಾಂಡಲ್. ಬಾಗಿದ ಹ್ಯಾಂಡಲ್ ಹಾಕಿಸೋಣ ಅಂದರೆ ಅದರ ಕೊಳವೆ 23.8 ಮಿ.ಮೀ., ನನ್ನ ಬ್ರೇಕು, ಗೇರಿನ ಹಿಡಿಗಳು 22.2ರವು. ಎಲ್ಲ ಬದಲಿಸಬೇಕು. ವಿ-ಬ್ರೇಕಿಗೆ ಬೇಕಾದಷ್ಟು ಕೇಬಲ್ಲನ್ನು ರೋಡ್ ಬೈಕಿನ ಹಿಡಿ ಎಳೆಯುವುದೂ ಇಲ್ಲ. ಆ ಖರ್ಚಿಗೆ ಇನ್ನೊಂದು ಸೈಕಲ್ಲೇ ಬರುತ್ತದೆ. ಆದರೆ ಬಟರ್‌ಫ್ಲೈ ಹ್ಯಾಂಡಲ್ ಅಂತ ಒಂದಿದೆ, ಚಿಟ್ಟೆ ರೆಕ್ಕೆಯ ಆಕಾರದ್ದು. ದೂರ ಪ್ರವಾಸ ಹೋಗುವವರು ಬಳಸುತ್ತಾರೆ. ಅದು 22.2. ಇದ್ದ ಹಿಡಿಗಳೇ ಕೂರುತ್ತವೆ, ಕೈಗೆ ನಾಲ್ಕು ಜಾಗ ಸಿಗುತ್ತದೆ. ನೋಡಲು ಎಮ್ಮೆ ಕೊಂಬಿನ ಹಾಗಿದೆ ಅಂತ ಮಗಳು ನಗುತ್ತಾಳೆ. ತರಿಸಿದ್ದೇನೆ. ಕೇಬಲ್ ಇನ್ನೊಂದು ಗೇಣು ಉದ್ದ ಬೇಕಂತೆ, ಶನಿವಾರ ಅಂಗಡಿಗೆ ಬಿಡಬೇಕು.