ವೈರ್‌ಲೆಸ್ ನೆಟ್‌ವರ್ಕ್ ತರಬೇತಿಗೆ ಹಣ ಕಟ್ಟುವ ಮುನ್ನ: ಬಳ್ಳಾರಿಯಿಂದ ಒಂದು ಎಚ್ಚರಿಕೆ

ಬಳ್ಳಾರಿ ನಗರದ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ‘ವೈರ್‌ಲೆಸ್ ನೆಟ್‌ವರ್ಕ್ ಎಂಜಿನಿಯರ್’ ಎಂಬ ಕೋರ್ಸಿಗೆ ನಾನು ಮತ್ತು ನನ್ನಂತೆಯೇ ಡಿಪ್ಲೊಮಾ, ಬಿ.ಇ. ಮುಗಿಸಿದ ಹಲವರು ಪೂರ್ತಿ ಶುಲ್ಕವನ್ನು ಮೊದಲೇ ಕಟ್ಟಿ ಸೇರಿದ್ದೆವು. ನಿಸ್ತಂತು ಜಾಲದ ವಿನ್ಯಾಸ, ಭದ್ರತೆ ಮತ್ತು ದೋಷಪತ್ತೆಯನ್ನು ಕೈಯಾರೆ ಮಾಡಿಸಿ ಕಲಿಸುತ್ತೇವೆ, ಕೆಲಸವನ್ನೂ ಕೊಡಿಸುತ್ತೇವೆ ಎಂಬುದು ಕರಪತ್ರದ ಭರವಸೆಯಾಗಿತ್ತು. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಧಾಟಿಯ ಜಾಹೀರಾತುಗಳು ರಾಯಚೂರು, ಕೊಪ್ಪಳ, ಹೊಸಪೇಟೆಗಳಲ್ಲೂ ಕಾಣುವುದರಿಂದ, ಒಂದು ಹೆಸರನ್ನು ತಿಳಿಯುವುದಕ್ಕಿಂತ ಇಂಥ ಕೇಂದ್ರಗಳ ಲಕ್ಷಣವನ್ನು ಗುರುತಿಸಲು ಕಲಿಯುವುದೇ ಓದುಗರಿಗೆ ಹೆಚ್ಚು ಉಪಯೋಗ.

ಮೊದಲ ಸುಳ್ಳು ಕರಪತ್ರದಲ್ಲೇ ಇತ್ತು. ಕೋರ್ಸಿನ ಕೊನೆಗೆ ‘ಸಿಸಿಎನ್‌ಎ ವೈರ್‌ಲೆಸ್’ ಪರೀಕ್ಷೆ ಬರೆಸುವುದಾಗಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಜಾಲದ ಸಾಧನಗಳನ್ನು ತಯಾರಿಸುವ ಸಿಸ್ಕೊ ಕಂಪನಿ, ತಾನೇ ನಡೆಸುತ್ತಿದ್ದ ಆ ಅರ್ಹತಾ ಪರೀಕ್ಷೆಯನ್ನು 2020ರ ಫೆಬ್ರವರಿಯಲ್ಲೇ ನಿಲ್ಲಿಸಿದೆ. ನಾವು ಸೇರಿದ್ದು ಅದಾಗಿ ಎಷ್ಟೋ ಕಾಲದ ಮೇಲೆ. ಯಾವ ಕಂಪನಿಗೂ ಸೇರದ, ನಿಸ್ತಂತು ಜಾಲಕ್ಕೇ ಮೀಸಲಾದ ಸಿಡಬ್ಲ್ಯೂಎನ್‌ಎ ಎಂಬ ಪರೀಕ್ಷೆ ಇಂದಿಗೂ ಇದೆ, ಆದರೆ ನಮ್ಮ ತರಗತಿಯಲ್ಲಿ ಅದರ ಹೆಸರನ್ನು ಯಾರೂ ಎತ್ತಲಿಲ್ಲ. ಜಾಹೀರಾತಿನಲ್ಲಿರುವ ಪರೀಕ್ಷೆ ಈಗ ನಡೆಯುತ್ತಿದೆಯೇ ಎಂಬುದನ್ನು ಅದನ್ನು ನಡೆಸುವ ಸಂಸ್ಥೆಯ ಜಾಲತಾಣದಲ್ಲೇ ನೋಡಿಕೊಳ್ಳಬಹುದು, ಅದಕ್ಕೆ ಐದು ನಿಮಿಷ ಸಾಕು.

ವಿನ್ಯಾಸದ ಪಾಠವೆಲ್ಲ ಕಂಪ್ಯೂಟರಿನಲ್ಲೇ ಜಾಲವನ್ನು ಅನುಕರಿಸಿ ತೋರಿಸುವ ಪ್ಯಾಕೆಟ್ ಟ್ರೇಸರ್ ಎಂಬ ಸಿಮ್ಯುಲೇಟರಿನಲ್ಲೇ ಮುಗಿಯಿತು. ಸ್ವಿಚ್, ರೂಟರ್‌ಗಳ ಅಭ್ಯಾಸಕ್ಕೆ ಆ ತಂತ್ರಾಂಶ ಒಳ್ಳೆಯದೇ, ಉಚಿತವಾಗಿಯೂ ಸಿಗುತ್ತದೆ. ಆದರೆ ಕಾಂಕ್ರೀಟ್ ಗೋಡೆ ಸಿಗ್ನಲನ್ನು ಎಷ್ಟು ನುಂಗುತ್ತದೆ, ತಗಡಿನ ಛಾವಣಿ ಅದನ್ನು ಹೇಗೆ ತಿರುಗಿಸಿ ಎಸೆಯುತ್ತದೆ, ಪಕ್ಕದ ಕಟ್ಟಡದ ರೂಟರ್ ಅದೇ ಚಾನೆಲಿನಲ್ಲಿದ್ದರೆ ನಮ್ಮ ವೇಗ ಏನಾಗುತ್ತದೆ ಎಂಬುದನ್ನು ನಿಜವಾದ ಕಟ್ಟಡದಲ್ಲಿ ಅಳತೆಯ ಸಾಧನ ಹಿಡಿದು ಓಡಾಡದೆ ಕಲಿಯಲಾಗದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರವಷ್ಟೇ ಇದ್ದು, ಒಂದೊಂದು ಸಿಗ್ನಲ್ 20 ಮೆಗಾಹರ್ಟ್ಸ್ ಜಾಗ ಹಿಡಿದು ಅಕ್ಕಪಕ್ಕದ ಚಾನೆಲ್‌ಗಳ ಮೇಲೂ ಹರಡುವುದರಿಂದಲೇ, ಒಂದರ ಮೇಲೊಂದು ಬೀಳದ 1, 6, 11ನ್ನು ಮಾತ್ರ ಬಳಸಬೇಕೆಂಬ ನಿಯಮ ಬಂದಿದೆ. ನಮಗೆ ಆ ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿದರೇ ಹೊರತು ಕಾರಣ ಹೇಳಲಿಲ್ಲ. 2018ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್‌ನಷ್ಟು ತರಂಗಾಂತರವನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆದ ವಿಷಯ ಅಲ್ಲಿನ ಟಿಪ್ಪಣಿಗಳಲ್ಲಿ ಇರಲೇ ಇಲ್ಲ.

ಈ ಕೊರತೆ ಎಷ್ಟು ದೊಡ್ಡದೆಂಬುದು ತೋರಣಗಲ್ಲಿನ ಕಡೆ ಕೆಲಸ ಹಿಡಿಯುವ ಒಬ್ಬ ಗುತ್ತಿಗೆದಾರರು ನಡೆಸಿದ ಕೆಲಸದ ಸಂದರ್ಶನದಲ್ಲಿ ತಿಳಿಯಿತು. ತಗಡಿನ ಗೋಡೆಯ ಗೋದಾಮು, ಒಳಗೆ ಎತ್ತರದ ಕಬ್ಬಿಣದ ರ‍್ಯಾಕುಗಳು, ನೌಕರರ ಕೈಯಲ್ಲಿ ಬಾರ್‌ಕೋಡ್ ಓದುವ ಸಾಧನಗಳು: ಇಲ್ಲಿ ವೈಫೈ ಸಿಗ್ನಲ್ ಬಿತ್ತರಿಸುವ ಆಕ್ಸೆಸ್ ಪಾಯಿಂಟ್ ಎಲ್ಲಿ ಹಾಕುತ್ತೀರಿ, ಯಾವ ಆಂಟೆನಾ, ಎಷ್ಟು ಪವರ್ ಎಂದು ಕೇಳಿದರು. ಪವರನ್ನು ಗರಿಷ್ಠಕ್ಕೆ ಇಡಬೇಕೆಂಬುದೇ ನಮಗೆ ಕಲಿಸಿದ್ದ ಉತ್ತರ. ಹಾಗೆ ಇಟ್ಟರೆ ಆಕ್ಸೆಸ್ ಪಾಯಿಂಟಿನ ದನಿ ದೂರದ ಸಾಧನಕ್ಕೆ ಕೇಳುತ್ತದೆ, ಸಾಧನದ ಸಣ್ಣ ದನಿ ಆಕ್ಸೆಸ್ ಪಾಯಿಂಟಿಗೆ ಮುಟ್ಟುವುದಿಲ್ಲ. ಪರದೆಯ ಮೇಲೆ ಸಿಗ್ನಲ್ ಗೆರೆಗಳು ತುಂಬಿದ್ದರೂ ಡೇಟಾ ಸಾಗುವುದಿಲ್ಲ. ಸಾಲದ್ದಕ್ಕೆ, ಹತ್ತಿರದ ಆಕ್ಸೆಸ್ ಪಾಯಿಂಟಿಗೆ ಬದಲಾಗಬೇಕಾದ ಸಾಧನ ದೂರದ್ದನ್ನೇ ಹಿಡಿದುಕೊಂಡು ಕೂರುತ್ತದೆ. ಗುತ್ತಿಗೆದಾರರು ಇದನ್ನೆಲ್ಲ ತಾಳ್ಮೆಯಿಂದಲೇ ವಿವರಿಸಿ ಕಳುಹಿಸಿದರು. ಆ ಅರ್ಧ ಗಂಟೆಯಲ್ಲಿ ಕಲಿತಷ್ಟನ್ನು ಕೋರ್ಸಿನಲ್ಲಿ ಕಲಿಯಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ನಮ್ಮ ಭಾಗದಲ್ಲಿ ಇಂಥ ಕೆಲಸ ಸಿಗುವುದೇ ಉಕ್ಕಿನ ಕಾರ್ಖಾನೆ, ಅಕ್ಕಿ ಗಿರಣಿ, ಶಾಖೋತ್ಪನ್ನ ಕೇಂದ್ರದಂಥ ಕಡೆಗಳಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬಿಸಿಲಿಗೆ ಕಾದ ತಗಡಿನ ಕೆಳಗೆ ನೇತುಹಾಕುವ ಸಾಧನ ಎಷ್ಟು ತಾಪ ತಡೆಯುತ್ತದೆ ಎಂಬುದೂ ವಿನ್ಯಾಸದ ಪ್ರಶ್ನೆಯೇ.

ಭದ್ರತೆಯ ಪಾಠದ ವಿಷಯಕ್ಕಾಗಿಯೇ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ಕೇಂದ್ರದಲ್ಲಿ ಅಭ್ಯಾಸಕ್ಕೆಂದು ಪ್ರತ್ಯೇಕ ಜಾಲ ಇರಲಿಲ್ಲ. ಕಿಟಕಿಯಿಂದ ಸಿಗುವ ಸುತ್ತಲಿನ ಅಂಗಡಿಗಳ ವೈಫೈಗಳನ್ನೇ ತೋರಿಸಿ, ಅವುಗಳಿಗೆ ಸೇರಿಕೊಂಡ ಸಾಧನಗಳ ಸಂಪರ್ಕ ಕಿತ್ತುಹಾಕುವುದನ್ನೂ ಪಾಸ್‌ವರ್ಡ್ ಮುರಿಯಲು ಯತ್ನಿಸುವುದನ್ನೂ ‘ಪ್ರಾಕ್ಟಿಕಲ್’ ಎಂದು ಮಾಡಿಸಿದರು. ಕೆಳಗಿನ ಜೀನ್ಸ್ ಅಂಗಡಿಯ ಬಿಲ್ಲಿಂಗ್ ನಿಂತು ಮಾಲೀಕರು ಮೇಲೆ ಬಂದು ವಿಚಾರಿಸಿದಾಗ, ‘ಹುಡುಗ್ರು ಏನೋ ಆಟ ಆಡ್ಯಾರ, ಬಿಡ್ರಿ ಅಣ್ಣಾರ’ ಎಂದು ಕಲಿಸಿದ ಸರ್ ನಮ್ಮ ಕಡೆ ಕೈ ತೋರಿಸಿ ಜಾರಿಕೊಂಡರು. ಅನುಮತಿಯಿಲ್ಲದೆ ಮತ್ತೊಬ್ಬರ ಜಾಲಕ್ಕೆ ಪ್ರವೇಶಿಸುವುದು ಅಥವಾ ಅದಕ್ಕೆ ಅಡ್ಡಿಪಡಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದ್ದೆಂದು ಸಾಬೀತಾದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ದೂರು ದಾಖಲಾದರೆ ಸಿಕ್ಕಿಬೀಳುವುದು ಆ ಲ್ಯಾಪ್‌ಟಾಪ್ ಯಾರದೋ ಅವರು. ಸರ್ಕಾರಿ ಹುದ್ದೆಗೂ ಪ್ರಯತ್ನಿಸುತ್ತಿರುವ ಹುಡುಗ ಹುಡುಗಿಯರ ಹೆಸರು ಠಾಣೆಯ ಕಡತ ಸೇರಿದರೆ ಅದರ ಬೆಲೆಯನ್ನು ಯಾವ ಕೇಂದ್ರವೂ ಕಟ್ಟಿಕೊಡುವುದಿಲ್ಲ.

ಇಷ್ಟು ಅಪಾಯಕ್ಕೆ ಒಡ್ಡಿಯೂ ರಕ್ಷಣೆಯ ಪಾಠ ಹೇಳಲಿಲ್ಲ ಎಂಬುದು ಇನ್ನೊಂದು ವಿಚಿತ್ರ. 2001ರಲ್ಲೇ ದುರ್ಬಲವೆಂದು ಸಾಬೀತಾದ ವೆಪ್ ಎಂಬ ಹಳೆಯ ವೈಫೈ ಭದ್ರತಾ ಪದ್ಧತಿಯ ಮೇಲೆ ಹಲವು ತರಗತಿಗಳನ್ನು ಕಳೆದರು, 2018ರಲ್ಲಿ ಬಂದ ಹೊಸ ಪದ್ಧತಿ ಡಬ್ಲ್ಯೂಪಿಎ3ಕ್ಕೆ ಒಂದು ಸ್ಲೈಡ್ ಸಾಕಾಯಿತು. ಸಾಧನಗಳ ಸಂಪರ್ಕ ಕಿತ್ತುಹಾಕುವ ದಾಳಿ ನಡೆಯುವುದು, ಸೇರು, ಬಿಡು ಎಂದು ಸಾಧನಗಳಿಗೆ ಹೇಳುವ ಜಾಲದ ನಿರ್ವಹಣಾ ಸಂದೇಶಗಳಿಗೆ ರಕ್ಷಣೆ ಇಲ್ಲದಿದ್ದಾಗ. ಆ ರಕ್ಷಣೆಯನ್ನು 802.11ಡಬ್ಲ್ಯೂ ಎಂಬ ಮಾನದಂಡ ಒದಗಿಸುತ್ತದೆ, ಡಬ್ಲ್ಯೂಪಿಎ3ರಲ್ಲಿ ಅದು ಕಡ್ಡಾಯ ಕೂಡ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಬದಲು ನೌಕರರಿಗೆ ಪ್ರತ್ಯೇಕ ಗುರುತು ಕೊಟ್ಟು ರೇಡಿಯಸ್ ಸರ್ವರ್ ಮೂಲಕ ಪರಿಶೀಲಿಸುವ 802.1ಎಕ್ಸ್ ವ್ಯವಸ್ಥೆಯೇ ಕಾರ್ಖಾನೆ, ಆಸ್ಪತ್ರೆಗಳಲ್ಲಿ ಎಂಜಿನಿಯರ್ ಮಾಡಬೇಕಾದ ನಿಜವಾದ ಕೆಲಸ. ಅದನ್ನು ಒಮ್ಮೆಯೂ ಸ್ಥಾಪಿಸಿ ತೋರಿಸಲಿಲ್ಲ.

ದೋಷಪತ್ತೆಗೆ ಕೇಂದ್ರದ ವೈಫೈಯೇ ಒಳ್ಳೆಯ ಪಠ್ಯವಾಗಬಹುದಿತ್ತು. ಬೆಳಗಿನ ಬ್ಯಾಚಿಗೆ ಚೆನ್ನಾಗಿರುತ್ತಿದ್ದ ಸಂಪರ್ಕ ಮಧ್ಯಾಹ್ನದವರಿಗೆ ಸಿಗುತ್ತಿರಲಿಲ್ಲ; ಫೋನು ಸೇರಿಕೊಳ್ಳುತ್ತಿತ್ತು, ಇಂಟರ್ನೆಟ್ ಬರುತ್ತಿರಲಿಲ್ಲ. ಸರ್ ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಿದ್ದರು, ಸರಿಹೋಗುತ್ತಿತ್ತು, ಪಾಠ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮಲ್ಲೊಬ್ಬಳು ತನ್ನ ಲ್ಯಾಪ್‌ಟಾಪಿಗೆ 169.254ರಿಂದ ಆರಂಭವಾಗುವ ಐಪಿ ವಿಳಾಸ (ರೂಟರಿನಿಂದ ವಿಳಾಸ ಸಿಗದಾಗ ಸಾಧನ ತಾನೇ ಹಾಕಿಕೊಳ್ಳುವಂಥದ್ದು) ಬಂದಿರುವುದನ್ನು ಗಮನಿಸಿದ್ದರಿಂದ ಕಾರಣ ಹೊರಬಿತ್ತು: ರೂಟರ್ ಹಂಚಬಹುದಾದ ವಿಳಾಸಗಳು ಕಡಿಮೆ ಇದ್ದವು, ಒಮ್ಮೆ ಕೊಟ್ಟ ವಿಳಾಸ 24 ಗಂಟೆ ಆ ಫೋನಿನ ಹೆಸರಿನಲ್ಲೇ ಉಳಿಯುತ್ತಿತ್ತು, ಬೆಳಗಿನವರು ಹೋದ ಮೇಲೂ ಜಾಗ ಖಾಲಿಯಾಗುತ್ತಿರಲಿಲ್ಲ. ರೂಟರ್ ಮರುಚಾಲನೆಯಾದಾಗ ಆ ಪಟ್ಟಿ ಅಳಿಸಿಹೋಗುತ್ತಿದ್ದುದರಿಂದ ತಾತ್ಕಾಲಿಕವಾಗಿ ಸರಿಹೋದಂತೆ ಕಾಣುತ್ತಿತ್ತು. ರೇಡಿಯೊದ ದೋಷವೇ, ವಿಳಾಸದ್ದೇ, ದೃಢೀಕರಣದ್ದೇ ಎಂದು ಹಂತಹಂತವಾಗಿ ಬೇರ್ಪಡಿಸುವುದನ್ನೇ ದೋಷಪತ್ತೆ ಎನ್ನುವುದು. ಗಾಳಿಯಲ್ಲಿ ಹಾಯುವ ಪ್ಯಾಕೆಟ್‌ಗಳನ್ನು ಹಿಡಿದು ವೈರ್‌ಶಾರ್ಕ್ ಎಂಬ ತಂತ್ರಾಂಶದಲ್ಲಿ ಓದುವ ಅಭ್ಯಾಸಕ್ಕೆ, ಸುತ್ತಲಿನ ಸಂದೇಶಗಳನ್ನೆಲ್ಲ ಆಲಿಸುವ ಮಾನಿಟರ್ ಮೋಡ್ ಇರುವ ವೈಫೈ ಅಡಾಪ್ಟರ್ ಬೇಕು, ಅದು ಕೇಂದ್ರದಲ್ಲಿ ಒಂದೇ ಇತ್ತು, ಬಳಕೆಯಾದದ್ದು ಮೇಲೆ ಹೇಳಿದ ‘ಪ್ರಾಕ್ಟಿಕಲ್’ಗೆ.

ಕೊನೆಗೆ ಪರೀಕ್ಷೆಯ ಬದಲು ಡಂಪ್ಸ್ ಹಾಳೆಗಳನ್ನೂ (ಪರೀಕ್ಷೆಯಿಂದ ಸೋರಿಕೆಯಾದ ಪ್ರಶ್ನೋತ್ತರಗಳು) ಕೇಂದ್ರವೇ ಮುದ್ರಿಸಿದ ಪ್ರಮಾಣಪತ್ರವನ್ನೂ ಕೈಗಿತ್ತರು. ಡಂಪ್ಸ್ ಓದಿ ಪರೀಕ್ಷೆ ಬರೆದದ್ದು ಪತ್ತೆಯಾದರೆ ಫಲಿತಾಂಶ ರದ್ದಾಗಬಹುದು. ಕೆಲಸ ಕೊಡಿಸುವ ಮಾತು ಒಂದು ಕಾಲ್ ಸೆಂಟರಿನ ವಿಳಾಸ ಕೊಡುವಲ್ಲಿಗೆ ನಿಂತಿತು.

ಸೇರಬೇಕೆಂದಿರುವವರು ಒಂದು ಡೆಮೊ ತರಗತಿ ಕೇಳಿ, ಅದು ಸ್ಲೈಡಿನ ತರಗತಿಯಾಗದೆ ಲ್ಯಾಬಿನ ತರಗತಿಯಾಗಿರಲಿ. ಎರಡು ಮೂರಾದರೂ ಆಕ್ಸೆಸ್ ಪಾಯಿಂಟ್, ಅವನ್ನು ನಿಯಂತ್ರಿಸುವ ಕಂಟ್ರೋಲರ್, ರೇಡಿಯಸ್ ಸರ್ವರ್, ಪ್ಯಾಕೆಟ್ ಹಿಡಿಯುವ ಅಡಾಪ್ಟರ್‌ಗಳನ್ನು ಕಣ್ಣಾರೆ ನೋಡಿ. ಓಡಾಡಿ ಸಿಗ್ನಲ್ ಅಳೆಯುವ ಸೈಟ್ ಸರ್ವೆಗೆ ಯಾವ ಕಟ್ಟಡಕ್ಕೆ ಕರೆದೊಯ್ಯುತ್ತಾರೆ, ಭದ್ರತೆಯ ಅಭ್ಯಾಸ ಯಾರ ಜಾಲದ ಮೇಲೆ ನಡೆಯುತ್ತದೆ ಎಂದು ಕೇಳಿ. ಉತ್ತರ ತಡವರಿಸಿದರೆ ಹಣ ಕಟ್ಟಬೇಡಿ. ಕಟ್ಟುವುದಾದರೂ ಕಂತಿನಲ್ಲಿ ಕಟ್ಟಿ, ಪ್ರತಿ ಕಂತಿಗೂ ರಸೀದಿ ಪಡೆಯಿರಿ, ಕರಪತ್ರವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕೊಟ್ಟ ಭರವಸೆಗಳನ್ನೂ ಅಳಿಸಬೇಡಿ. ಈಗಾಗಲೇ ಕಟ್ಟಿ ಮೋಸಹೋದವರು ಮೊದಲು ಶುಲ್ಕ ಮರಳಿಸುವಂತೆ ಲಿಖಿತವಾಗಿ ಕೇಳಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿಗೆ ದೂರು ಸಲ್ಲಿಸಲು ಇರುವ ಅವಧಿ, ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷ.