ವೆನೆತೋದ ‘ಒಂದೇ ಪಾಸ್’ ಕೊಳ್ಳುವ ಮುನ್ನ ಇದನ್ನು ಓದಿ

ಇಟಲಿಯ ವೆನೆತೋ ಪ್ರಾಂತ್ಯಕ್ಕೆ ಹೊರಟವರು ಗಮನಿಸಿ: ಅಲ್ಲಿನ ಹಳೆಯ ರಂಗಮಂದಿರಗಳನ್ನೂ ನೌಕಾ ವಸ್ತುಸಂಗ್ರಹಾಲಯವನ್ನೂ ಒಂದೇ ಪಾಸಿನಲ್ಲಿ, ಒಂದೇ ದಿನದಲ್ಲಿ ತೋರಿಸುತ್ತೇವೆ ಎನ್ನುವ ಮಧ್ಯವರ್ತಿ ಜಾಲತಾಣಗಳಿಗೆ ಹಣ ಕಟ್ಟಬೇಡಿ. ಕಳೆದ ಅಕ್ಟೋಬರಿನಲ್ಲಿ ನಾವು ನಾಲ್ವರು ತಲೆಗೆ 89 ಯೂರೋ ಕಟ್ಟಿದೆವು. ಪ್ರತಿಯಾಗಿ ಸಿಕ್ಕಿದ್ದು ಎರಡು ಮುಚ್ಚಿದ ಬಾಗಿಲು, ನಡೆಯದ ಒಂದು ಚೀಟಿ, ಮತ್ತು ಯಾರು ಬೇಕಾದರೂ ಪುಕ್ಕಟೆ ನಿಂತು ನೋಡಬಹುದಾದ ಒಂದು ಹೆಬ್ಬಾಗಿಲು.

ತಾಣದ ಹೆಸರು ಬರೆಯುತ್ತಿಲ್ಲ. ಹೆಸರು ಬದಲಿಸಿಕೊಂಡು ಮತ್ತೆ ಅಂಗಡಿ ತೆರೆಯುವುದು ಇಂಥವರಿಗೆ ಒಂದು ಸಂಜೆಯ ಕೆಲಸ. ಗುರುತು ಮಾತ್ರ ಹೇಳುತ್ತೇನೆ. ಹುಡುಕಿದಾಗ ಜಾಹೀರಾತಾಗಿ ಎಲ್ಲರಿಗಿಂತ ಮೇಲೆ ಕಾಣಿಸುತ್ತದೆ. ಪುಟದ ನೆತ್ತಿಯ ಮೇಲೆ ವೆನಿಸಿನ ರೆಕ್ಕೆಯ ಸಿಂಹ, ಪಕ್ಕದಲ್ಲಿ ‘ಅಧಿಕೃತ’ ಎಂಬ ಮಾತು. ಆ ಸಂಸ್ಥೆಗಳಿಗೂ ನಮಗೂ ಸಂಬಂಧವಿಲ್ಲ ಎಂಬ ಸಾಲು ಪುಟದ ಬುಡದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಎಲ್ಲಕ್ಕಿಂತ ದೊಡ್ಡ ಗುರುತು ಅವರ ಕ್ಯಾಲೆಂಡರ್: ವಾರದ ಏಳೂ ದಿನ ಹಸಿರು. ನಿಜವಾದ ವಸ್ತುಸಂಗ್ರಹಾಲಯ, ನಿಜವಾದ ರಂಗಮಂದಿರ ಹಾಗಿರುವುದು ಅಪರೂಪ.

ನಮಗೆ ಕೊಟ್ಟದ್ದು ಸೋಮವಾರ. ಬೆಳಿಗ್ಗೆ ವಿಚೆಂಜಾ ನಗರದ ತೇಯಾತ್ರೋ ಒಲಿಂಪಿಕೋ. ಅದು ಸೋಮವಾರ ತೆರೆಯುವುದೇ ಇಲ್ಲ, ಬಾಗಿಲಲ್ಲೇ ಬರೆದಿದೆ. ನಮ್ಮ ಅತ್ತಿಗೆ ಹವ್ಯಾಸಿ ರಂಗಭೂಮಿಯಲ್ಲೇ ಅರ್ಧ ಆಯುಷ್ಯ ಕಳೆದವರು; ಇಡೀ ಪ್ರವಾಸದಲ್ಲಿ ಅವರು ಬಯಸಿ ಕೇಳಿದ್ದು ಇದೊಂದನ್ನೇ. ವಾಸ್ತುಶಿಲ್ಪಿ ಪಲ್ಲಾದಿಯೋನ ಕೊನೆಯ ಕೃತಿಗಳಲ್ಲೊಂದು ಅದು. ಆತ 1580ರಲ್ಲಿ ತೀರಿಕೊಂಡ ಮೇಲೆ ಸ್ಕಾಮೋಜಿ ಎಂಬಾತ ರಂಗದ ಹಿಂದೆ ಮರ ಮತ್ತು ಗಾರೆಯಲ್ಲಿ ಥೀಬ್ಸ್ ನಗರದ ಬೀದಿಗಳನ್ನು ಕಟ್ಟಿದ. 1585ರಲ್ಲಿ ಈಡಿಪಸ್ ನಾಟಕದೊಂದಿಗೆ ರಂಗಮಂದಿರ ತೆರೆಯಿತು. ಆ ಒಂದು ಪ್ರದರ್ಶನಕ್ಕೆಂದು ಮಾಡಿದ ಬೀದಿಗಳು ಇಂದಿಗೂ ಅಲ್ಲೇ ಇವೆ. ನೆಲ ಏರುತ್ತಾ, ಗೋಡೆ ಕಿರಿದಾಗುತ್ತಾ ಹೋಗಿ ಕೆಲವೇ ಮೀಟರಿನ ಓಣಿ ಉದ್ದನೆಯ ರಾಜಬೀದಿಯಂತೆ ಕಾಣುತ್ತದೆ. ಮಾರನೆಯ ದಿನ ಕಾರ್ಯಕ್ರಮವನ್ನೆಲ್ಲ ತಲೆಕೆಳಗು ಮಾಡಿ ಮತ್ತೆ ವಿಚೆಂಜಾಗೆ ಹೋದೆವು. ಟಿಕೆಟನ್ನು ರಂಗಮಂದಿರದ ಕೌಂಟರಿನಲ್ಲೇ ಕೊಂಡೆವು, ಸಾಲೂ ಇರಲಿಲ್ಲ. ಅತ್ತಿಗೆ ಆ ಅರ್ಧವೃತ್ತದ ಮೆಟ್ಟಿಲುಗಳ ಮೇಲೆ ಕುಳಿತವರು ಏಳಲು ಒಪ್ಪಲಿಲ್ಲ. ವಿಚೆಂಜಾಗೆ ಹೋದರೆ ಇದನ್ನು ಬಿಡಬೇಡಿ, ಸೋಮವಾರವನ್ನು ಬಿಡಿ.

ಸೋಮವಾರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ರೈಲಿನಲ್ಲಿ ವೆನಿಸ್ ತಲುಪಿ, ಮಧ್ಯಾಹ್ನ ಲಾ ಫೆನೀಚೆಗೆ ಹೋದರೆ ನಮ್ಮ ಹೆಸರಿನಲ್ಲಿ ಯಾವ ಬುಕ್ಕಿಂಗೂ ಇರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಟಿಕೆಟ್ ಅಲ್ಲ, ಬರಿಯ ‘ವೋಚರ್’. ಅದು ತಮ್ಮದಲ್ಲ ಎಂದು ಕೌಂಟರಿನವರು ಸೌಜನ್ಯದಿಂದಲೇ ಹೇಳಿದರು, ಅವರದೇನೂ ತಪ್ಪಿಲ್ಲ. ಹೊಸದಾಗಿ ಹಣ ಕೊಟ್ಟು ಒಳಗೆ ಹೋದೆವು. 1792ರಲ್ಲಿ ತೆರೆದ ಈ ಅಪೆರಾ ಮಂದಿರ 1836ರಲ್ಲಿ ಒಮ್ಮೆ, 1996ರಲ್ಲಿ ಇನ್ನೊಮ್ಮೆ ಸುಟ್ಟುಹೋಯಿತು. ಎರಡನೆಯ ಬೆಂಕಿ ಹಚ್ಚಿದವರು ಅಲ್ಲೇ ದುರಸ್ತಿಗೆ ಬಂದಿದ್ದ ಇಬ್ಬರು ಎಲೆಕ್ಟ್ರಿಷಿಯನ್ನರು ಎಂದು ನ್ಯಾಯಾಲಯದಲ್ಲಿ ಸಾಬೀತಾಯಿತು. ಕೆಲಸ ತಡವಾದದ್ದಕ್ಕೆ ದಂಡ ಬೀಳುತ್ತದೆಂಬ ಭಯವಂತೆ! ಈಗ ಕಣ್ಣು ಕುಕ್ಕುವ ಚಿನ್ನದ ಲೇಪವೆಲ್ಲ 2003ರಲ್ಲಿ ಮರುನಿರ್ಮಿಸಿ ತೆರೆದ ಕಟ್ಟಡದ್ದು. ಇದು ಈಗಲೂ ಪ್ರದರ್ಶನ ನಡೆಯುವ ಜಾಗ. ತಾಲೀಮು ಇದ್ದರೆ ಸಭಾಂಗಣ ನೋಡಲು ಸಿಗದೆ ಹೋಗಬಹುದು. ಅದನ್ನು ಮಂದಿರದ ಸ್ವಂತ ತಾಣದಲ್ಲಿ ನೋಡಿಕೊಳ್ಳಬೇಕು, ಮಧ್ಯವರ್ತಿ ಹೇಳುವುದಿಲ್ಲ.

ಇನ್ನು ನೌಕಾ ಇತಿಹಾಸ ವಸ್ತುಸಂಗ್ರಹಾಲಯ. ವೋಚರಿನಲ್ಲಿ ನಮಗೆ ಕೊಟ್ಟ ವೇಳೆ ಸಂಜೆ 6 ಗಂಟೆ. ಅಷ್ಟು ಹೊತ್ತಿಗೆ ಅಲ್ಲಿ ಬೀಗ ಬಿದ್ದಿತ್ತು. ವೆನಿಸ್ ಗಣರಾಜ್ಯದ ದೊರೆ ಏರುತ್ತಿದ್ದ ಬುಚಿಂತೋರೋ ಎಂಬ ಸ್ವರ್ಣನೌಕೆಯ ಮಾದರಿ ಒಳಗಿದೆ. ಅಸಲು ನೌಕೆಯನ್ನು ನೆಪೋಲಿಯನ್ನನ ಸೈನಿಕರು 1798ರಲ್ಲಿ ಚಿನ್ನಕ್ಕಾಗಿ ಸುಟ್ಟರು. ಅದನ್ನು ನೋಡುವುದು ನಮ್ಮ ಹಣೆಯಲ್ಲಿ ಬರೆದಿರಲಿಲ್ಲ.

ಪಾಸಿನಲ್ಲಿದ್ದ ‘ಆರ್ಸೆನಾಲೆ ಪ್ರವೇಶ’ ಎಂಬ ಸಾಲು ಮಾತ್ರ ಶುದ್ಧ ಮೂಗಿಗೆ ತುಪ್ಪ. ಗಣರಾಜ್ಯದ ಹಡಗುಗಳು ತಯಾರಾಗುತ್ತಿದ್ದ ಆ ಪ್ರಾಚೀನ ಹಡಗುಕಟ್ಟೆಯ ಒಂದು ಭಾಗ ಇಂದಿಗೂ ಇಟಲಿಯ ನೌಕಾಪಡೆಯ ಕೈಯಲ್ಲಿದೆ. ಇನ್ನೊಂದು ಭಾಗ ಬಿಯೆನ್ನಾಲೆ ಕಲಾಪ್ರದರ್ಶನ ನಡೆಯುವಾಗ ಅದರ ಟಿಕೆಟ್ ಇದ್ದವರಿಗೆ ತೆರೆಯುತ್ತದೆ. ನಮಗೆ ಮಾರಿದ ‘ಪ್ರವೇಶ’ವೆಂದರೆ ಹೆಬ್ಬಾಗಿಲಿನ ಎದುರಿನ ಬಯಲು! ನ್ಯಾಯವಾಗಿ ಹೇಳಬೇಕೆಂದರೆ ಆ ಬಾಗಿಲು ನೋಡತಕ್ಕದ್ದೇ. ಪಕ್ಕದ ಕಲ್ಲಿನ ಸಿಂಹಗಳಲ್ಲಿ ದೊಡ್ಡದನ್ನು ಮೊರೊಸೀನಿ ಎಂಬ ಸೇನಾಪತಿ 1687ರ ದಂಡಯಾತ್ರೆಯ ನಂತರ ಗ್ರೀಸಿನ ಪಿರೇಯಸ್ ಬಂದರಿನಿಂದ ಎತ್ತಿಕೊಂಡು ಬಂದ. ಅದರ ಭುಜದ ಮೇಲೆ ಉತ್ತರದ ವೈಕಿಂಗರ ಲಿಪಿಯಲ್ಲಿ ಕೆತ್ತಿದ ಸವೆದ ಸಾಲುಗಳಿವೆ. ನೋಡಲು ಬಿಡಿಗಾಸೂ ಬೇಡ.

ಇವೆಲ್ಲದರ ಮೇಲೆ ‘ವೆನಿಸ್ ನಗರ ಪ್ರವೇಶ ಶುಲ್ಕ’ ಎಂದು ತಲೆಗೆ 10 ಯೂರೋ ಬೇರೆ ಕಿತ್ತಿದ್ದರು. ಅಂಥ ಶುಲ್ಕ 2024ರಲ್ಲಿ ಶುರುವಾದದ್ದು ನಿಜ. ಆದರೆ ಅದು ವಸಂತ ಮತ್ತು ಬೇಸಿಗೆಯ ಕೆಲವು ಗೊತ್ತಾದ ದಿನಗಳಂದು, ಬೆಳಿಗ್ಗೆ 8.30ರಿಂದ ಸಂಜೆ 4ರ ತನಕ, ಹಗಲಿಗಷ್ಟೇ ಬಂದುಹೋಗುವವರಿಗೆ. ನಗರದೊಳಗೆ ತಂಗುವವರಿಗೆ ವಿನಾಯಿತಿ ಇದೆ. ಅಕ್ಟೋಬರಿನಲ್ಲಿ ಆ ಶುಲ್ಕವೇ ಇರಲಿಲ್ಲ. ಕಟ್ಟಬೇಕಾದ ದಿನಗಳ ಪಟ್ಟಿ ನಗರಸಭೆಯ ತಾಣದಲ್ಲಿದೆ, ಹಣವನ್ನೂ ಅಲ್ಲೇ ಕಟ್ಟಬೇಕು.

ಹಣ ಹಿಂದಿರುಗಿಸಿ ಎಂದು ಬರೆದಾಗ ಅವರು ಕಾನೂನು ಎತ್ತಿದರು. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಯನ್ನು 14 ದಿನಗಳೊಳಗೆ ರದ್ದು ಮಾಡುವ ಹಕ್ಕು ಉಂಟು. ಗೊತ್ತುಪಡಿಸಿದ ದಿನದ ವಿಹಾರ, ಮನರಂಜನೆಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಮಾತು ನಿಜವೇ, ನಮಗೆ ಸಂಬಂಧಪಟ್ಟದ್ದಲ್ಲ ಅಷ್ಟೆ. ನಾವು ಮನಸ್ಸು ಬದಲಾಯಿಸಿದವರಲ್ಲ, ಮಾರಿದ ಸೇವೆಯೇ ಸಿಗದವರು. ಹಾಗಾಗಿ ಅವರೊಡನೆ ವಾದ ಬಿಟ್ಟು ಬ್ಯಾಂಕಿಗೆ ತಕರಾರು ಸಲ್ಲಿಸಿದೆವು: ದಿನಾಂಕ, ವೇಳೆ ಇರುವ ವೋಚರ್, ಬಾಗಿಲ ಮೇಲಿನ ‘ಸೋಮವಾರ ರಜೆ’ ಫಲಕದ ಫೋಟೊ, ಅವರ ಉತ್ತರಗಳು. ನೀವು ಈಗಾಗಲೇ ಸಿಕ್ಕಿಬಿದ್ದಿದ್ದರೆ ಆ ಫೋಟೊಗಳನ್ನು ಅಲ್ಲೇ, ಆಗಲೇ ತೆಗೆದಿಟ್ಟುಕೊಳ್ಳಿ. ಅತ್ತಿಗೆಯವರ ಕ್ರೆಡಿಟ್ ಕಾರ್ಡಿಗೆ ಹೋದ ಹಣ ಪೂರ್ತಿ ವಾಪಸು ಬಂತು. ನಾನು ಡೆಬಿಟ್ ಕಾರ್ಡಿನಲ್ಲಿ ಕಟ್ಟಿದ ಪಾಲಿಗೆ ಬ್ಯಾಂಕು ಇನ್ನೂ ‘ಪರಿಶೀಲನೆಯಲ್ಲಿದೆ’ ಎನ್ನುತ್ತಿದೆ.